ಕಾಲುವೆಯ ಮೇಲೆ ವಾಲಿದ ಅನಾರಸ

ಪ್ರಾಣಕ್ಕೆ ಕುತ್ತು ಬಂದಾಗ ಬದುಕೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ ಎನ್ನುತ್ತಾರೆ. ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಯಮಕನಮರಡಿಯ ನನ್ನ ಸೋದರತ್ತೆ ಮಾಡಿದ ಅನಾರಸ. ಅದೇನು ಸುಲಭದ ಸಿಹಿಯಲ್ಲ. ಅಕ್ಕಿಯನ್ನು ಮೂರು ದಿನ ನೆನೆಸಿ, ಆರಿಸಿ, ಕುಟ್ಟಿ, ಬೆಲ್ಲದಲ್ಲಿ ಕಲಸಿಟ್ಟು, ಗಸಗಸೆಯ ಮೇಲೆ ತಟ್ಟಿ ಕರಿಯಬೇಕು. ಒಮ್ಮೆ ನನ್ನ ಹೆಂಡತಿ ಪ್ರಯತ್ನಿಸಿದಳು. ಎಣ್ಣೆಗೆ ಬಿಟ್ಟದ್ದು ಎಣ್ಣೆಯಲ್ಲೇ ಮಾಯವಾಯಿತು. ಅಂದಿನಿಂದ ಲಕ್ಷ್ಮೀಪೂಜೆಯ ನೈವೇದ್ಯ ಅತ್ತೆಯ ಮನೆಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಬರುತ್ತದೆ; ಅದರ ಸಂಗಡ ನಾನೂ ಬರುತ್ತೇನೆ. "ನೆಲಕ್ಕ ಇಡಬ್ಯಾಡ, ಪೂಜಿ ಆಗೂತನಾ ಬಾಯಿಗೆ ಹಚ್ಚಬ್ಯಾಡ" ಎಂಬುದು ಅತ್ತೆಯ ಕಟ್ಟಪ್ಪಣೆ.

ಹೋದ ದೀಪಾವಳಿಯಲ್ಲಿ, ಅಂಕಲಗಿ ದಾಟಿದ ಮೇಲೆ, ಕಬ್ಬಿನ ಟ್ರ್ಯಾಕ್ಟರೊಂದು ಎದುರಾಯಿತು. ನಮ್ಮ ಬಸ್ಸು ಪಕ್ಕಕ್ಕೆ ಜಾರಿ ಕಾಲುವೆಯ ಮೇಲೆ ವಾಲಿ ನಿಂತಿತು. ಎಲ್ಲರೂ ಕಂಬಿ ಹಿಡಿದರು. ನಾನು ಡಬ್ಬಿ ಹಿಡಿದೆ. "ಯಾರೂ ಅಳ್ಳಾಡಬ್ಯಾಡ್ರಿ! ಒಬ್ಬೊಬ್ಬರನ್ನ ಇಳಸ್ತೇನಿ" ಎಂದು ಕಂಡಕ್ಟರ್ ಕೂಗಿದ. ಕಿಟಕಿಯ ತುಂಬ ನೀರು. ಬಿ.ಎಸ್ಸಿ.ಯಲ್ಲಿ ಗುರುತ್ವ ಕೇಂದ್ರದ ಪಾಠ ಓದಿದ್ದೆ. ಅದರಿಂದ ತಿಳಿದದ್ದಿಷ್ಟೇ, ಬೀಳುವ ಬದಿಗೆ ಕುಳಿತವನು ನಾನು.

ಪಕ್ಕದ ಸೀಟಿನ ಅಜ್ಜಿ ಡಬ್ಬಿಯತ್ತ ಮೂಗು ತಿರುಗಿಸಿದಳು.

"ಅನಾರಸಾ ಏನೋ ತಮ್ಮಾ?"

"ಹೌದ್ರಿ."

"ಒಂದ ಕೊಡ. ಸಾಯೂದ ಆದ್ರ ಬಾಯಿ ಸಿಹಿ ಮಾಡ್ಕೊಂಡ ಸಾಯೋಣು."

"ಇನ್ನೂ ನೈವೇದ್ಯ ಆಗಿಲ್ರಿ ಅಜ್ಜಿ."

"ಹುಚ್ಚ ಅದಿಯೇನ? ದೇವರ ಕಡೇನ ಹೊಂಟೇವಿ. ನಾನ ಕೈಯಾರೆ ಮುಟ್ಟಸ್ತೇನಿ, ತಾ ಇಲ್ಲಿ!"

ಆಗಲೂ ನಾನು ಮುಚ್ಚಳ ತೆಗೆಯಲಿಲ್ಲ. ದೇವರು ಕ್ಷಮಿಸಿಯಾನು, ಅತ್ತೆ ಕ್ಷಮಿಸುವವಳಲ್ಲ. ಕೊನೆಗೆ ಎಲ್ಲರೂ ಇಳಿದು ಬದುಕಿದೆವು. ಅಜ್ಜಿ ಸೆರಗು ಕೊಡವಿಕೊಂಡು, "ಇಂಥಾವನ ಕೂಡ ಸಾಯಾಕೂ ಬರಬಾರದವ್ವಾ" ಎನ್ನುತ್ತ ನಡೆದಳು. ಮನೆಯಲ್ಲಿ ಕತೆಯನ್ನೆಲ್ಲ ಉಸಿರು ಬಿಗಿಹಿಡಿದು ಕೇಳಿದ ಹೆಂಡತಿ, "ಒಂದೂ ಮುರದಿಲ್ಲ ಹೌದಲ್ರಿ?" ಎಂದಳು. ಅವಳು ಕೇಳಿದ್ದು ನನ್ನ ಎಲುಬುಗಳ ವಿಷಯವಲ್ಲ.

ಈಗಲೂ ಬಸ್ಸು ತುಸು ವಾಲಿದರೆ ಕಿವಿಯಲ್ಲಿ ಅಜ್ಜಿಯ ದನಿ. ಅದಕ್ಕೇ ಈ ವರ್ಷ ಅತ್ತೆಯನ್ನು ಕಾಡಿ ಎರಡು ಡಬ್ಬಿ ಕಟ್ಟಿಸಿಕೊಂಡೆ: ಒಂದು ದೇವರಿಗೆ, ಇನ್ನೊಂದು ಆಪತ್ತಿಗೆ. ಬಸ್ಸು ಎಲ್ಲಿಯೂ ವಾಲಲಿಲ್ಲ. ಆದರೂ ಅಂಕಲಗಿ ಬರುವಷ್ಟರಲ್ಲಿ ಆಪತ್ತಿನ ಡಬ್ಬಿ ಖಾಲಿಯಾಗಿತ್ತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.