ಯಾರ ಹಂಗೂ ಇಲ್ಲದ ಮಾಳಿಗೆ

ಅಂದು ಗಜೇಂದ್ರಗಡದ ನಮ್ಮ ಮಾಳಿಗೆಯ ಮೇಲೆ ನಾಲ್ವರಿದ್ದೆವು: ನಾನು, ಹೆಂಡತಿ ಶಾಂತಾ, ಪಕ್ಕದ ಮನೆಯ ಗಂಗವ್ವಕ್ಕ ಮತ್ತು ಸೋಲಾರ್ ಪ್ಯಾನಲ್ ಕೂಡಿಸಲು ಬಂದ ಮೇಸ್ತ್ರಿ. ನಡುವಯಸ್ಸು ದಾಟಿದ ಗಂಡಸಿಗೆ ಯಾರ ಹಂಗೂ ಬೇಡವೆಂಬ ಜಂಬ ಬರುತ್ತದೆ. ನನಗದು ಟೀವಿಯಿಂದ ಬಂತು. ಎಲ್ಲೋ ಸಮುದ್ರದ ನಡುವಿನ ಪುಟ್ಟ ದ್ವೀಪದವರು ಬಿಸಿಲು, ಗಾಳಿಯಿಂದಲೇ ತಮ್ಮ ಕರೆಂಟ್ ಮಾಡಿಕೊಂಡು ಹಾಯಾಗಿದ್ದಾರಂತೆ. ನಮ್ಮ ಗುಡ್ಡದ ಮೇಲೂ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಕೆಳಗೆ ಓಣಿಯಲ್ಲಿ ಫ್ಯಾನ್ ನಿಂತಿರುತ್ತದೆ. ಆ ಕರೆಂಟ್ ಯಾರಿಗೆಂದು ಕೇಳಿದರೆ ಎಲ್ಲರೂ ಗುಡ್ಡದಾಚೆಗೆ ಕೈ ತೋರಿಸುತ್ತಾರೆ. ಸರಿ, ನಮ್ಮ ಮನೆಯನ್ನೇ ದ್ವೀಪ ಮಾಡಿಬಿಡೋಣ ಎಂದುಕೊಂಡೆ.

ಆದರೆ ಮಾಳಿಗೆ ನನ್ನೊಬ್ಬನದಾಗಿರಲಿಲ್ಲ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಅಲ್ಲಿ ಕೂಡಿ ಶಾವಿಗೆ ಎಳೆದು, ಉದ್ದನೆಯ ಕೋಲುಗಳಿಗೆ ಇಳಿಬಿಟ್ಟು ಒಣಗಿಸುವುದು ನಮ್ಮವ್ವನ ಕಾಲದ ರೂಢಿ. ನರಗುಂದದಿಂದ ಮದುವೆಯಾಗಿ ಬಂದ ಶಾಂತಾಗೆ ಈ ಊರಿನ ಗೆಳೆತನವೆಲ್ಲ ಕುದುರಿದ್ದು ಆ ಕೋಲುಗಳ ಕೆಳಗೇ.

"ಮತ್ತ ಶಾವಿಗಿ ಎಲ್ಲಿ ಹಾಕೂದೋ ತಮ್ಮಾ?" ಗಂಗವ್ವಕ್ಕ ಕೇಳಿದಳು.

"ಅಲ್ಲೇ ಪ್ಯಾನಲ್ ಸಂದ್ಯಾಗ ಹಾಕ್ರಿ" ಎಂದು ನಾನನ್ನುವಷ್ಟರಲ್ಲಿ ಮೇಸ್ತ್ರಿ, "ಅದರ ಮ್ಯಾಲ ನೆಳ್ಳ ಬಿತ್ತಂದ್ರ ಕರೆಂಟ್ ಕಡಿಮಿ ಆಕ್ಕೈತ್ರಿ ಸರ" ಎಂದ. ಅಷ್ಟೇ ಸಾಕಾಯಿತು. ಮಾಳಿಗೆಯ ಬಾಗಿಲಿಗೆ ಬೀಗ ಜಡಿದೆ.

"ಸೂರ್ಯಾನ್ನೂ ಒಳಗ ಕೂಡಿ ಹಾಕಿಯೇನ?" ಎಂದಳು ಗಂಗವ್ವಕ್ಕ. ಶಾಂತಾ ಕೋಲುಗಳನ್ನೆಲ್ಲ ಕೆಳಗಿಳಿಸಿ ಮನೆಯ ಮೂಲೆಗೆ ಒರಗಿಸಿಟ್ಟಳು. ಆಗಲೇ ಹೆದರಬೇಕಿತ್ತೆಂಬುದು, ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಆವತ್ತು ಹೊಳೆಯಲಿಲ್ಲ.

ಮುಂದೆ ಒಂದು ಸುಡು ಮಧ್ಯಾಹ್ನ ಓಣಿಯ ಕರೆಂಟ್ ಹೋಯಿತು. ಠೀವಿಯಿಂದ ನಮ್ಮ ಫ್ಯಾನ್ ನೋಡಿದೆ. ಅದೂ ನಿಂತಿತ್ತು. ಫೋನಿನಲ್ಲಿ ಮೇಸ್ತ್ರಿ ತಣ್ಣಗೆ, "ರೊಕ್ಕ ಜಾಸ್ತಿ ಆತಂತ ಬ್ಯಾಟರಿ ಬ್ಯಾಡ ಅಂದ್ರಲ್ರಿ. ಹೊರಗಿನ ಲೈನ್ ಹೋದ್ರ ಇದೂ ಬಂದ್ ಆಕ್ಕೈತ್ರಿ. ನಿಮ್ಮ ಕರೆಂಟ್ ಲೈನಿಗೆ ಹರದು ಕಂಬದ ಮ್ಯಾಲ ಕೆಲಸ ಮಾಡಾವ್ರಿಗೆ ಶಾಕ್ ಹೊಡೀಬಾರದಲ್ರಿ?" ಎಂದ. ನೆತ್ತಿಯ ಮೇಲೆ ಅಷ್ಟು ಬಿಸಿಲು, ಕೆಳಗೆ ನಾನು ಬೆವರುತ್ತ ಹೊರಗೆ ಬಂದೆ. ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದ ಗಂಗವ್ವಕ್ಕ, "ಯಾಕೋ, ನಿನ್ನ ಸೂರ್ಯಾ ಉಣ್ಣಾಕ ಹೋಗ್ಯಾನೇನು?" ಎಂದಳು. ಓಣಿಗೆ ಓಣಿಯೇ ನಕ್ಕಿತು. ಶಾಂತಾ ಮಾತ್ರ ನಗಲಿಲ್ಲ; ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೀಗ ತೆಗೆದು, "ಎಲ್ಲಾರಿಗೂ ಬರಾಕ ಹೇಳು" ಎಂದೆ.

"ಅವರು ಓಣಿ ತುದೀಗೆ ಬ್ಯಾರೆ ಮಾಳಗಿ ಹಿಡದಾರ್ರಿ" ಎನ್ನುತ್ತ ಶಾಂತಾ ಮೂಲೆಯ ಶಾವಿಗೆ ಕೋಲನ್ನು ಹೆಗಲಿಗೇರಿಸಿದಳು.

"ಮತ್ತ ನನ್ನ ಊಟ?"

"ಮುಚ್ಚಿಟ್ಟೀನಿ."

ಆ ಮಧ್ಯಾಹ್ನ ಅವಳು ಅಲ್ಲೇ ಎಲ್ಲರೊಡನೆ ಬುತ್ತಿ ಬಿಚ್ಚಿ ಉಂಡಳಂತೆ. ಕರೆಂಟ್ ಇತ್ತು, ಫ್ಯಾನ್ ತಿರುಗುತ್ತಿತ್ತು. ನಾನೊಬ್ಬನೇ ಉಂಡು, ತಟ್ಟೆ ತೊಳೆದಿಟ್ಟೆ.