ಬೆಂಚು ಪಕ್ಷದ ಉಪಾಧ್ಯಕ್ಷೆ

ನಾನು ಸುಮ್ಮನೆ ಒಂದು ಕಡೆ ಕೂತಿರೋಣ ಅಂದ್ರೂ, ತಮಾಷೆ ಅನ್ನೋದು ಹುಡುಕ್ಕೊಂಡು ಬಂದು ನನ್ನ ಪಕ್ಕದಲ್ಲೇ ಕೂರುತ್ತೆ. ಅಮೆರಿಕದ ಮಿಲ್ಪಿಟಾಸಿನಲ್ಲಿರೋ ಮಗಳ ಮನೆಗೆ ಬಂದ ಮೇಲಂತೂ ಅದಕ್ಕೆ ಬೇರೆ ವಿಳಾಸವೇ ಗೊತ್ತಿಲ್ಲವೇನೋ. ಹೋದ ಸಲ ಇಲ್ಲಿ ಅಧ್ಯಕ್ಷರ ಚುನಾವಣೆ ಬಂತಲ್ಲ, ಆಗಿನ ಮಾತು ಇದು.

೧. ಅರ್ಜಿ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಮರದಡಿ ಒಂದು ಬೆಂಚಿದೆ. ನನಗೆ ಕಾರು ಓಡಿಸೋಕೆ ಬರೊಲ್ಲ, ಇಂಗ್ಲಿಷೂ ಬರೊಲ್ಲ. ಸಂಜೆ ಆ ಬೆಂಚಿನ ಮೇಲೆ ನಮ್ಮಂಥ ನಾಲ್ಕು ಜನ ಕೂತು ಏನು ಮಾತಾಡ್ತೀವೋ ಅಷ್ಟೇ ನನ್ನ ಇಡೀ ದಿನದ ಮಾತು. ಅದನ್ನ ಕಿತ್ತು ಅಲ್ಲಿ ಕರೆಂಟು ಕಾರಿಗೆ ಚಾರ್ಜರು ಹಾಕ್ತೀವಿ, ಇಂಥ ಶನಿವಾರ ಬರ್ತೀವಿ ಅಂತ ಮ್ಯಾನೇಜರು ಚೀಟಿ ಅಂಟಿಸಿಬಿಟ್ಟ.

ಎದುರುಮನೆಯ ಅಮೆರಿಕನ್ ತಾತನಿಗೂ ಆ ಬೆಂಚೇ ಗತಿ. ಸ್ಕೂಲ್ ಬಸ್ಸು ಓಡಿಸಿ ರಿಟೈರಾದವರು, ಹೆಂಡತಿ ಇಲ್ಲ. ಮಾರನೇ ದಿನ ಅವರ ಬಾಗಿಲ ಮೇಲೆ ಒಂದು ಬೋರ್ಡು ಬಿತ್ತು. ಮೊಮ್ಮಗಳು ಓದಿ ಕುಣಿದಾಡಿದಳು. “ಅಜ್ಜೀ, ಹೀ ಈಸ್ ರನ್ನಿಂಗ್ ಫಾರ್ ಪ್ರೆಸಿಡೆಂಟ್! ಬೆಂಚ್ ಪಾರ್ಟಿ!” ಕೆಳಗೆ ಘೋಷಣೆ ಬೇರೆ: ಅಮೆರಿಕಾ, ಮೊದಲು ಕೂತ್ಕೋ.

ಅದು ತಮಾಷೆಗೆ ಅಂತ ನನಗೇನು ಗೊತ್ತು? ಎದುರುಮನೆಯವರು ಅಧ್ಯಕ್ಷರಾಗ್ತಾರೆ ಅಂದ್ರೆ ಬಿಡೋದುಂಟೆ? ಆರತಿ ತಟ್ಟೆ ಹಿಡ್ಕೊಂಡು ಹೋಗಿ ಹಣೆಗೆ ಕುಂಕುಮ ಇಟ್ಟೆ, ಕೈಗೆ ನಿಂಬೆಹಣ್ಣು ಕೊಟ್ಟೆ, ಅಳಿಯಂದ್ರ ಗ್ರೀನ್ ಕಾರ್ಡು ಬೇಗ ಆಗ್ಲಿ ಅಂತ ಒಂದು ಅರ್ಜಿನೂ ಕೊಟ್ಟೆ.

“ಅಜ್ಜಿ, ಇಟ್ಸ್ ಎ ಜೋಕ್!” ಅಂತ ಮೊಮ್ಮಗಳು ಸೆರಗು ಎಳೀತಿದ್ಲು. ತಾತ ಮಾತ್ರ ಗಂಭೀರವಾಗಿ ಅರ್ಜಿ ಮಡಚಿ ಜೇಬಿಗೆ ಇಟ್ಕೊಂಡ್ರು.

“ಉಪಾಧ್ಯಕ್ಷರು ಯಾರಂತೆ ಕೇಳೇ” ಅಂದೆ. ತಾತ ಸೋಫಾ ಕಡೆ ಕೈ ತೋರಿಸಿದ್ರು. ಅವರ ಹಳದಿ ಬೆಕ್ಕು ಮಲಗಿತ್ತು.

ಇರಲಿ ಅಂತ ಅದರ ಮುಂದೂ ಒಂದು ನಿಂಬೆಹಣ್ಣು ಇಟ್ಟು ಬಂದೆ. ಯಾರು ಯಾವಾಗ ಉಪಯೋಗಕ್ಕೆ ಬರ್ತಾರೋ ಹೇಳೋಕಾಗಲ್ಲ.

೨. ಎಷ್ಟು ಎಪಿಸೋಡು?

ಬೆಕ್ಕು ಒಂದೇ ವಾರಕ್ಕೆ ಪಕ್ಷ ಬಿಟ್ಟು ಪಕ್ಕದ ಮನೆಗೆ ಸೇರ್ಕೊಂಡಿತು. ಅಲ್ಲಿ ದಿನಾ ಮೀನಂತೆ.

ಆ ಭಾನುವಾರ ತಾತ ನನ್ನನ್ನೂ ಮೊಮ್ಮಗಳನ್ನೂ ತಮ್ಮ ಕಾರಲ್ಲಿ ಸನ್ನಿವೇಲ್‌ನ ಇಂಡಿಯನ್ ಅಂಗಡಿಗೆ ಕರ್ಕೊಂಡು ಹೋಗಿದ್ರು. ಬೆಂಡೇಕಾಯಿ ರಾಶಿ ಹತ್ತಿರ ಜಾತ್ರೆಯ ಹಾಗೆ ಜನ. ನುಗ್ಗಿ ನೋಡಿದ್ರೆ, ಅವಳೇ! ಸೀರಿಯಲ್ಲಿನಲ್ಲಿ ಸೊಸೆಯ ಹಾಲಿಗೆ ವಿಷ ಬೆರೆಸಿದಳಲ್ಲ, ಆ ಅತ್ತೆ! ಪಾಪ, ಮಗಳ ಬಾಣಂತನಕ್ಕೆ ಅಂತ ಬಂದಿದ್ದಾಳೆ, ನಮ್ಮ ಹಿಂದಿನ ಬ್ಲಾಕಿನಲ್ಲೇ ಇದ್ದಾಳೆ. ಒಬ್ಬಳು ಸೆಲ್ಫಿ ತಗೊಂಡು, ಆಮೇಲೆ “ಆ ಹುಡುಗಿ ನಿಮಗೇನು ಮಾಡಿದ್ಲು ಹೇಳಿ!” ಅಂತ ಜಗಳಕ್ಕೇ ನಿಂತಳು.

ಇಷ್ಟು ಜನ ಗುರುತಿಸೋ ಹೆಂಗಸು ಬೆಕ್ಕಿಗಿಂತ ಮೇಲು ಅಂತ ತಾತನಿಗೆ ಅನ್ನಿಸಿತು. ಅಲ್ಲೇ, ಬೆಂಡೇಕಾಯಿ ಸಾಕ್ಷಿಯಾಗಿ, ಉಪಾಧ್ಯಕ್ಷೆ ಆಗ್ತೀರಾ ಅಂತ ಮೊಮ್ಮಗಳ ಕೈಲಿ ಕೇಳಿಸಿದ್ರು. ಕೂಸಿನ ಬಟ್ಟೆ ಮಡಚಿ ಮಡಚಿ ಸಾಕಾಗಿದ್ದ ಅವಳ ಮುಖ ಹೂವಿನ ಹಾಗೆ ಅರಳಿತು.

“ಮಾಡ್ತೀನಿ. ಆದ್ರೆ ಎಷ್ಟು ಎಪಿಸೋಡು?”

“ನಾಲ್ಕು ವರ್ಷವಂತಮ್ಮಾ” ಅಂದೆ.

“ಅಷ್ಟು ದಿನ ನನ್ನ ಪಾತ್ರ ಬದುಕಿರುತ್ತೆ ತಾನೆ? ಅಧ್ಯಕ್ಷರು ಬೇಕಾದ್ರೆ ಸಾಯ್ಲಿ.”

ಮೊಮ್ಮಗಳು ಅಷ್ಟನ್ನೂ ಇಂಗ್ಲಿಷಿಗೆ ಮಾಡಿ ಹೇಳಿದಳು. ತಾತ ಹೇಳಿದ್ರಂತೆ: “ಈ ಕೆಲಸ ಇವರಿಗೆ ನನಗಿಂತ ಚೆನ್ನಾಗಿ ಅರ್ಥ ಆಗಿದೆ.”

೩. ಹುಡುಗ ಏನು ಮಾಡ್ತಾನೆ?

ಮನೆ ಮನೆಗೆ ಹೋಗಿ ಪ್ರಚಾರ ಮಾಡೋಣ ಅಂತ ಆಯ್ತು. ಕೇಳಬೇಕಾದ್ದು ಒಂದೇ, ಬೆಂಚು ಕೀಳೋ ದಿನ ಎಲ್ಲರೂ ಬಂದು ಬೇಡ ಅನ್ನಿ ಅಂತ. ಬರಿಗೈಲಿ ಹೋಗೋದು ಹೇಗೆ? ಅರಿಶಿನ ಕುಂಕುಮದ ಬಟ್ಟಲು ಹಿಡ್ಕೊಂಡೆ. ಅಲ್ಲೇ ಎಡವಿದ್ದು ನಾನು. ಐವತ್ತು ವರ್ಷದ ಅಭ್ಯಾಸ ನೋಡಿ, ಆ ಬಟ್ಟಲು ಕೈಲಿದ್ರೆ ನನ್ನ ಬಾಯಲ್ಲಿ ಬರೋದು ಒಂದೇ ಮಾತು: “ಶನಿವಾರ ಹನ್ನೊಂದಕ್ಕೆ, ಬೆಂಚಿನ ಹತ್ರ, ಮನೆಮಂದಿಯೆಲ್ಲ ಬರಬೇಕು. ತಪ್ಪಿಸಬಾರದು.”

ಹಿಂದೆ ಕೋಟು ಹಾಕಿದ ತಾತ, ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಸೀರಿಯಲ್ ಅತ್ತೆ.

ಮೇಲಿನ ಮಹಡಿಯ ಹುಬ್ಬಳ್ಳಿ ಸಾಬರ ಮನೆಯ ಹೆಣ್ಣುಮಗಳು ನಮ್ಮ ಬೆಂಚಿನ ಗೆಳತಿ. ನಮ್ಮನ್ನ ಮೇಲಿಂದ ಕೆಳಗೆ ನೋಡಿ, “ಲಗ್ನ ಯಾರದ್ರೀ ಅಜ್ಜಿ? ಇವರದೇನು? ಹುಡುಗಗ ಸ್ವಲ್ಪ ವಯಸ್ಸಾದಂಗ ಕಾಣತೈತಲ್ರೀ” ಅಂದಳು.

“ಲಗ್ನ ಅಲ್ಲಮ್ಮಾ! ಇವರು ಅಮೆರಿಕದ ಅಧ್ಯಕ್ಷರಾಗೋಕೆ ನಿಂತಿದಾರೆ.”

“ಹೌದ್ರೀ? ಹಂಗಾರ ಸದ್ಯಕ್ಕ ಕೆಲಸ ಇಲ್ಲ ಅನ್ರಿ.”

೪. ಪಾಯಸ

ಶುಕ್ರವಾರ ಮಗಳು ಫೋನು ಹಿಡ್ಕೊಂಡು ಅಡುಗೆಮನೆಗೆ ಓಡಿ ಬಂದಳು. “ಅಮ್ಮಾ, ಏನು ಹೇಳಿ ಬಂದೆ ನೀನು? ನಾಳೆ ಊಟಕ್ಕೆ ಏನೇನಿದೆ ಅಂತ ವಾಟ್ಸಾಪಿನಲ್ಲಿ ಎಲ್ಲರೂ ಕೇಳ್ತಿದಾರೆ!”

ಕರೆದ ಮೇಲೆ ಆಯ್ತು. ನಾನು ಎರಡು ದೊಡ್ಡ ಪಾತ್ರೆ ಚಿತ್ರಾನ್ನ ಕಲಸಿದೆ. “ಪಾಯಸ ನನ್ನ ಕೈಯದು” ಅಂದಳು ಉಪಾಧ್ಯಕ್ಷೆ. ತಡೆಯೋ ಧೈರ್ಯ ಯಾರಿಗಿತ್ತು?

ಶನಿವಾರ ಮ್ಯಾನೇಜರು ಇಬ್ಬರು ಆಳುಗಳ ಜೊತೆ ಟ್ರಕ್ಕು ತಂದು ನೋಡ್ತಾನೆ, ಬೆಂಚಿನ ಸುತ್ತ ಅರವತ್ತು ಜನ. ಹೊಸ ಬಟ್ಟೆ ಉಟ್ಟಿದಾರೆ, ಒಬ್ಬರೂ ಅಲ್ಲಾಡ್ತಿಲ್ಲ. ಪಾಪದ ಹುಡುಗ ಬಿಳಿಚಿಕೊಂಡು, ಇದು ಪ್ರತಿಭಟನೆಯಾ ಅಂತ ಕೇಳಿದ.

“ನೋ. ಲಂಚ್” ಅಂದಳು ಮೊಮ್ಮಗಳು.

ಚಿತ್ರಾನ್ನ ಕಣ್ಣು ಮುಚ್ಚಿ ಬಿಡೋದ್ರಲ್ಲಿ ಖಾಲಿ. ಶಾವಿಗೆ ಪಾಯಸದ ಪಾತ್ರೆ ಮಾತ್ರ ತುಂಬಿದ್ದು ತುಂಬಿದ ಹಾಗೇ. ಒಬ್ಬರಿಗೆ ಶುಗರು, ಒಬ್ಬರಿಗೆ ಹಲ್ಲುನೋವು, ಚಿತ್ರಾನ್ನ ಮೂರು ಸಲ ಹಾಕಿಸ್ಕೊಂಡವಳಿಗೆ ಶನಿವಾರದ ಉಪವಾಸ! ಉಪಾಧ್ಯಕ್ಷೆಯ ಕಣ್ಣಲ್ಲಿ ನೀರಾಡಿತು. “ಆ ವಿಷ ಡೈರೆಕ್ಟರು ಹಾಕಿಸಿದ್ದು ಕಣ್ರಮ್ಮಾ, ನಾನಲ್ಲ” ಅಂದಳು. ನನಗೆ ಪಾಪ ಅನ್ನಿಸಿತು. ಅನ್ನಿಸಿದ್ರೂ ಕೈ ಮುಂದೆ ಬರಲಿಲ್ಲ, ನಿಜ ಹೇಳ್ತೀನಿ.

ಆಗ ನನ್ನ ಕಣ್ಣಿಗೆ ಬಿದ್ದವನು ಮ್ಯಾನೇಜರು. ಸೀರಿಯಲ್ಲಿನ ವಿಷದ ಸುದ್ದಿ ಅವನಿಗೇನು ಗೊತ್ತು? ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಒಂದು ಲೋಟ ಪಾಯಸ ಕೊಟ್ಟೆ. ಬೇಡ ಅಂದ. ನಮ್ಮ ಕಡೆ ಬೇಡ ಅಂದ್ರೆ ಯಾರು ಬಿಡ್ತಾರೆ?

ಅವನು ಲೋಟ ಎತ್ತಿದ. ಅರವತ್ತು ಜನ ಉಸಿರು ಬಿಗಿಹಿಡಿದ್ರು. ಒಂದು ಗುಟುಕು. ಎರಡು ಗುಟುಕು. ಮಕ್ಕಳು ಕೂಡ ರೆಪ್ಪೆ ಬಡೀತಿಲ್ಲ. ಪೂರ್ತಿ ಕುಡಿದು, ಬಾಯಿ ಒರಸಿಕೊಂಡು, ನೆಟ್ಟಗೆ ಎದ್ದು ನಿಂತ ನೋಡಿ, ಅರವತ್ತೂ ಜನ ಒಟ್ಟಿಗೆ ಚಪ್ಪಾಳೆ!

ಹುಡುಗ ಮೊಮ್ಮಗಳ ಕಡೆ ತಿರುಗಿ ಮಾತಾಡಿದ. ಮೊಮ್ಮಗಳು ಹೇಳಿದ್ದು ಇಷ್ಟು: “ಹೀ ಸೇಸ್, ಈ ಕೆಲಸದಲ್ಲಿ ದಿನಾ ಬೈಗುಳವೇ ಅಂತೆ. ನೋಬಡಿ ಎವರ್ ಕ್ಲ್ಯಾಪ್ಡ್ ಫಾರ್ ಹಿಮ್.” ಅವನು ಕಣ್ಣೊರೆಸಿಕೊಂಡು ಆಳುಗಳಿಗೆ ಏನೋ ಹೇಳಿದ. ಟ್ರಕ್ಕು ಹಿಂದಕ್ಕೆ ತಿರುಗಿತು. ಚಾರ್ಜರು ಕಸದ ಡಬ್ಬದ ಆಚೆ ಹಾಕ್ತಾನಂತೆ, ಬೆಂಚು ಇಲ್ಲೇ ಇರುತ್ತಂತೆ! ತಾತ ಟೋಪಿ ತೆಗೆದು ಉಪಾಧ್ಯಕ್ಷೆಗೆ ಬಗ್ಗಿ ನಮಸ್ಕಾರ ಮಾಡಿದ್ರು. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು. ಇನ್ನೇನು ಭಯ ಅಂತ ನಾನೂ ಒಂದು ಲೋಟ ಬಗ್ಗಿಸ್ಕೊಂಡು ಬಾಯಿಗಿಡಬೇಕು, ಹುಬ್ಬಳ್ಳಿಯವಳು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು.

“ತಡೀರಿ ಅಜ್ಜಿ, ಅವಸರ ಮಾಡಬ್ಯಾಡ್ರಿ! ಸೀರಿಯಲ್‌ನಾಗೂ ಆ ಹುಡುಗಿ ಹಾಲು ಕುಡದ ಮ್ಯಾಲ ನಾಕು ಮಾತು ಚಲೋ ಆಡೇ ಬಿದ್ದಿದ್ಲು!”