ಎದ್ದರೆ ಕ್ಯಾಚ್ ಬಿಡುತ್ತಾರೆ

‘ಇವ ಬಿ.ಕಾಂ. ಪಾಸಾಗುವುದಾ? ಆಗ್ಲಿಕ್ಕಿಲ್ಲ ಮಾರಾಯ’ ಎಂದವರು ನಮ್ಮ ಶೀನ ಮಾವ, ಅಮ್ಮನ ಸ್ವಂತ ಅಣ್ಣ. ಹೀಗೆ ಹೇಳುವವರೊಬ್ಬರು ಎಲ್ಲ ಮನೆಗಳಲ್ಲೂ ಇರುತ್ತಾರೆ; ಇಲ್ಲದಿದ್ದರೆ ನಮ್ಮಂಥವರು ಹಟ ಹಿಡಿಯುವುದು ಯಾರ ಮೇಲೆ? ಡೊಂಬಿವಲಿ ಸ್ಟೇಷನ್ ಹತ್ತಿರದ ಮಾವನ ಹೋಟೆಲಿನಲ್ಲಿ ಹಗಲೆಲ್ಲ ಆರ್ಡರ್ ತೆಗೆದುಕೊಂಡು, ಸಂಜೆ ಸಾಂಬಾರಿನ ವಾಸನೆಯ ಅಂಗಿಯಲ್ಲೇ ಕಲ್ಯಾಣದ ಲೋಕಲ್ ಹಿಡಿದು ಕಾಲೇಜಿಗೆ ಓಡಿದವನು ನಾನು. ನಮ್ಮ ಮನೆತನದಲ್ಲಿ ಸಹಿ ಹಾಕುವಾಗ ನಾಲಿಗೆ ಹೊರಗೆ ಬಾರದವನು ನಾನೇ ಮೊದಲಿಗ. ಪರೀಕ್ಷೆಯ ದಿನ ‘ಹೋಗಿ ಬರ್ತೇನೆ ಮಾವ’ ಎಂದರೆ ಅವರು ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ. ಬಾಗಿಲವರೆಗೆ ಬಂದರೆ ಇವರ ಗಂಟೇನು ಹೋಗುತ್ತಿತ್ತು ಎಂದು ರೈಲಿನಲ್ಲಿ ಹಲ್ಲು ಕಡಿಯುತ್ತಿದ್ದೆ.

ಏಳದಿರುವುದರಲ್ಲಿ ಮಾವ ನಿಸ್ಸೀಮರು, ಮುಖ್ಯವಾಗಿ ಕ್ರಿಕೆಟ್ ಇದ್ದಾಗ. ಮ್ಯಾಚಿಗೆ ಮೊದಲು ‘ಇವತ್ತು ಸೋಲುವುದೇ’ ಎನ್ನುತ್ತಾರೆ. ಗೆಲ್ಲುತ್ತದೆ ಎಂದರೆ ದೃಷ್ಟಿ ತಾಗುತ್ತದಂತೆ. ಆಟ ನಮ್ಮ ಕಡೆ ತಿರುಗಿದ ಗಳಿಗೆಯಲ್ಲಿ ಯಾರು ಎಲ್ಲಿದ್ದರೋ ಅಲ್ಲಿಯೇ ಇರಬೇಕು. ಭಿವಂಡಿಯಿಂದ ಬಂದ ಗಿರಾಕಿಯೊಬ್ಬರು ಕೈ ತೊಳೆಯುತ್ತಿದ್ದಾಗ ಎದುರಾಳಿಗಳ ವಿಕೆಟ್ ಬಿತ್ತು. ಪಾಪ, ಆಟ ಮುಗಿಯುವವರೆಗೂ ಅವರಿಗೆ ಬೇಸಿನ್ನಿನ ಮುಂದೆಯೇ ಕಾಫಿ!

ಪದವಿಪತ್ರವೇನೋ ವಿಶ್ವವಿದ್ಯಾಲಯದ ಕಿಟಕಿಯಿಂದ ಕೈಗೆ ಬಂತು. ಕೊಟ್ಟವರು ನನ್ನ ಮುಖ ನೋಡಲಿಲ್ಲ. ಆದ್ದರಿಂದ ನಮ್ಮ ಕನ್ನಡ ಸಂಘ ಹೊಸ ಪದವೀಧರರನ್ನು ಸನ್ಮಾನಿಸುತ್ತದೆ ಎಂದು ತಿಳಿದಾಗ ನನ್ನ ಆಸೆ ಒಂದೇ: ಮೆಟ್ಟಿಲು ಹತ್ತಿ, ವೇದಿಕೆಯ ನಡುವೆ ನಿಂತು, ‘ಆಗ್ಲಿಕ್ಕಿಲ್ಲ’ ಎಂದ ಮಾವನ ಕಣ್ಣೆದುರೇ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿಸಿದೆ.

ಸಂಘ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಅಂದು ಮೊದಲು ಸಿನಿಮಾ, ಆಮೇಲೆ ಸನ್ಮಾನ. ಯಾರೂ ಲೆಕ್ಕಕ್ಕಿಡದಿದ್ದ ನಮ್ಮ ದೇಶದ ತಂಡ ದೊಡ್ಡ ತಂಡವನ್ನು ಸೋಲಿಸಿ ಕಪ್ ಗೆದ್ದ ಕಥೆ. ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಿಂದ ಪ್ರೊಜೆಕ್ಟರ್‌ನವನು ಮುಂಬ್ರಾದಲ್ಲೇ ಸಿಕ್ಕಿಹಾಕಿಕೊಂಡು ಎಲ್ಲವೂ ತಡವಾಯಿತು. ಸಿನಿಮಾದಲ್ಲಿ ಫೈನಲ್ ಬಿಸಿಯೇರುವ ಹೊತ್ತಿಗೆ ಸಭಾಂಗಣದ ಹೊರಗೆ ಮದುವೆ ರಿಸೆಪ್ಷನ್ನಿನವರು ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಸಿನಿಮಾ ನಿಲ್ಲಿಸಿದರೆ ಜನ ಬಿಡುವುದಿಲ್ಲ, ನಿಲ್ಲಿಸದಿದ್ದರೆ ಸನ್ಮಾನಕ್ಕೆ ಸಮಯವಿಲ್ಲ. ಧಾರವಾಡದ ಕಡೆಯ ನಮ್ಮ ಕಾರ್ಯದರ್ಶಿಗಳು ಪರದೆಯ ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದು ನನ್ನ ಹೆಸರು ಕೂಗಿಯೇಬಿಟ್ಟರು.

ನಾನು ಎದ್ದೆ. ಪಕ್ಕದಲ್ಲೇ ಕೂತಿದ್ದ ಮಾವ ಅಂಗಿಯ ಚುಂಗು ಹಿಡಿದರು. ‘ಕೂತ್ಕೊ! ಒಂದೇ ವಿಕೆಟ್ ಬಾಕಿ ಉಂಟು. ನೀನೆದ್ದರೆ ಕ್ಯಾಚ್ ಬಿಡ್ತಾರೆ!’

‘ಪಪ್ಪಾ, ಏ ಪಿಕ್ಚರ್ ಹೈ! ರಿಸಲ್ಟ್ ಸಬ್ಕೋ ಮಾಲೂಮ್ ಹೈ’ ಎಂದು ಅವರ ಮಗಳು ತಲೆ ಚಚ್ಚಿಕೊಂಡಳು.

‘ನೀನು ಸುಮ್ಮನಿರು. ಇವನಿಗೇನು ಗೊತ್ತು, ಬರೇ ಬಿ.ಕಾಂ.!’

ನಾನು ಪದವೀಧರ. ಮೂಢನಂಬಿಕೆಯ ಬಗ್ಗೆ ಪ್ರಬಂಧ ಬರೆದು ಬಹುಮಾನ ಪಡೆದವನು. ಕೈ ಕೊಡವಿ ಒಂದು ಹೆಜ್ಜೆ ಇಟ್ಟೆ. ಪರದೆಯ ಮೇಲೆ ಚೆಂಡು ಮೇಲಕ್ಕೆ ಹಾರಿತು. ನಮ್ಮವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಇಡೀ ಸಾಲು ನನ್ನನ್ನೇ ನೋಡಿ ‘ಕೂತ್ಕೊಳ್ಳೋ!’ ಎಂದು ಕಿರುಚಿತು. ಇಸ್ತ್ರಿ ಮಾಡಿದ ಅಂಗಿ, ವೇದಿಕೆ, ಮೆಟ್ಟಿಲು, ಎಲ್ಲವೂ ಒಮ್ಮೆ ಕಣ್ಣ ಮುಂದೆ ಬಂದವು. ನಾನು ಕೂತೆ. ಹೇಳಲು ನಾಚಿಕೆಯಾಗುತ್ತದೆ, ಬೆರಳನ್ನೂ ಅಲ್ಲಾಡಿಸಲಿಲ್ಲ.

ಕೊನೆಗೆ ಕಾರ್ಯದರ್ಶಿಗಳೇ ಕತ್ತಲಲ್ಲಿ ಎಡವುತ್ತ ಬಂದರು. ‘ಏನ್ರೀ, ಸರ್ಟಿಫಿಕೇಟ್ ಬೇಕೋ ಬ್ಯಾಡೋ? ನಂಗ ಹಾಲ್ ಖಾಲಿ ಮಾಡೂದೈತಿ!’ ಎಂದು ಮುಂದಿನ ಸಾಲಿನವರ ತಲೆಯ ಮೇಲಿಂದ ಪ್ರಮಾಣಪತ್ರವನ್ನು ನನ್ನ ಕೈಗೆ ತುರುಕಿದರು. ಅದೇ ಹೊತ್ತಿಗೆ ಪರದೆಯ ಮೇಲೆ ಮತ್ತೊಂದು ಚೆಂಡು ಹಾರಿ ನಮ್ಮವನ ಅಂಗೈಯಲ್ಲಿ ಭದ್ರವಾಗಿ ಕೂತಿತು. ಶಿಳ್ಳೆ, ಕುಣಿತ, ಹೊರಗಿನ ಮದುವೆಯವರದೂ ಚಪ್ಪಾಳೆ.

ಮಾವ ಕುಣಿಯಲಿಲ್ಲ. ಪ್ರಮಾಣಪತ್ರವನ್ನು ಪರದೆಯ ಬೆಳಕಿಗೆ ಹಿಡಿದು, ನನ್ನ ಹೆಸರಿನ ಮೇಲೆ ಬೆರಳಾಡಿಸಿ, ಸೊಂಟ ನೀವಿಕೊಂಡರು.

‘ನಿನ್ನ ಒಂದೊಂದು ಪರೀಕ್ಷೆಗೂ ನೀನು ವಾಪಸ್ ಬರುವವರೆಗೆ ನಾನು ಆ ಕುರ್ಚಿ ಬಿಟ್ಟು ಎದ್ದದ್ದಿಲ್ಲ, ಗೊತ್ತುಂಟಾ? ಇದರಲ್ಲಿ ಅರ್ಧ ನನ್ನದು. ಎಂ.ಕಾಂ.ಗೆ ಸೇರುವುದಾದರೆ ಮೊದಲು ಒಂದು ಮೆತ್ತನೆ ಕುರ್ಚಿ ತಂದುಕೊಡು ಮಾರಾಯ.’